‘ಆಷಾಢ ಕಳೀಲಿ, ಕೊಡ್ತೀನಿ’: ಬಾಡಿಗೆ ಮನೆ ಅಡ್ವಾನ್ಸ್ ಯಾಕೆ ಕೈಗೆ ಬರುವುದಿಲ್ಲ

ಶಿವಮೊಗ್ಗದ ವಿನೋಬನಗರದಲ್ಲಿ ನಾಲ್ಕು ವರ್ಷ ಇದ್ದ ಬಾಡಿಗೆ ಮನೆಯನ್ನು ನಾವು ಖಾಲಿ ಮಾಡಿದ್ದು ಜೂನ್ ಮಧ್ಯದಲ್ಲಿ. ಮಳೆ ಆಗಷ್ಟೇ ಹಿಡಿದಿತ್ತು. ಕೊನೆಯ ಸಾಮಾನು ಗೂಡ್ಸ್ ಆಟೋ ಏರಿದ ಮೇಲೆ ಓನರ್ ಒಳಗೆ ಬಂದರು. ರೂಮಿಂದ ರೂಮಿಗೆ ಒಂದು ಸುತ್ತು ಹಾಕಿದರು. ಬೀರು ಇಟ್ಟಿದ್ದ ಜಾಗದಲ್ಲಿ ನಿಂತು ಗೋಡೆಗೆ ತೋರುಬೆರಳು ಒತ್ತಿ ಎಳೆದರು. ಬೆರಳ ತುದಿಗೆ ಕಪ್ಪು ಬೂಷ್ಟು ಹತ್ತಿತು. ಅದನ್ನು ನನ್ನ ಕಡೆ ಹಿಡಿದರು, ಏನೂ ಮಾತಾಡಲಿಲ್ಲ. ಆಮೇಲೆ ಅಂಗಿ ಜೇಬಿಂದ ಒಂದು ಚೀಟಿ ತೆಗೆದು ಕೊಟ್ಟರು. ಪೇಂಟಿಂಗ್ 15,000. ಕ್ಲೀನಿಂಗ್ 2,000. ಅಡುಗೆಮನೆ ನಲ್ಲಿ 650. ನಾವು ಕೊಟ್ಟಿದ್ದ ಅಡ್ವಾನ್ಸ್ 60,000. ಕಳೆದು ಉಳಿದದ್ದು 42,350.

ಚೀಟಿಯನ್ನು ಎರಡು ಸಲ ಓದಿದ ಮೇಲೆ ಹೊಳೆಯಿತು: ಇದನ್ನು ಗೋಡೆ ನೋಡುವ ಮೊದಲೇ ಬರೆದಿದ್ದರು.

‘ಸರಿ ಸರ್, ಇಷ್ಟಾದರೂ ಈಗ ಕೊಡಿ’ ಅಂದೆ. ‘ಈಗ ಎಲ್ಲಿಂದ ತರ್ಲಿ ಮಾರಾಯ್ರೆ? ಆಷಾಢ ಕಳೀಲಿ. ಯಾರಾದ್ರೂ ಬಾಡಿಗೆಗೆ ಬರ್ತಾರೆ, ಅವರ ಅಡ್ವಾನ್ಸ್ ಬಂದ ದಿನವೇ ನಿಮ್ಮದು ಕೊಡ್ತೀನಿ’ ಅಂದರು.

ಅವರ ಮಾತಿನಲ್ಲಿ ಎರಡು ವಿಷಯ ಬೆರೆತಿದ್ದವು. ಗೋಡೆ ಹಾಳಾಗಿದೆ ಅನ್ನುವುದು ಒಂದು. ದುಡ್ಡು ಸದ್ಯಕ್ಕೆ ಇಲ್ಲ ಅನ್ನುವುದು ಇನ್ನೊಂದು. ನಾವು ಜಗಳ ಆಡುವುದು ಮೊದಲನೆಯದರ ಮೇಲೆ. ನಮ್ಮ ದುಡ್ಡು ಸಿಕ್ಕಿಬಿದ್ದಿರುವುದು ಎರಡನೆಯದರಲ್ಲಿ. ಇದು ನನಗೆ ಅರ್ಥ ಆಗುವುದಕ್ಕೆ ಐದು ತಿಂಗಳು ಬೇಕಾಯಿತು. ನಿಮಗೆ ಅಷ್ಟು ಹೊತ್ತು ಹಿಡಿಯಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಆ ದುಡ್ಡು ಎಲ್ಲಿರುತ್ತದೆ?

ಅಡ್ವಾನ್ಸ್ ಅಂದರೆ ಮುಂಗಡ, ಯಾವುದಕ್ಕೋ ಮೊದಲೇ ಕೊಟ್ಟ ದುಡ್ಡು. ಆದರೆ ಮನೆ ಅಡ್ವಾನ್ಸ್ ಯಾವುದಕ್ಕೂ ಕೊಟ್ಟ ದುಡ್ಡಲ್ಲ. ಅದು ಇಟ್ಟುಕೊಂಡಿರಿ ಅಂತ ಕೊಟ್ಟ ಠೇವಣಿ. ಬಾಡಿಗೆ ಬಾಕಿ ಇಲ್ಲದಿದ್ದರೆ, ಮನೆ ಹಾಳಾಗದಿದ್ದರೆ, ಪೂರ್ತಿ ನಮ್ಮದೇ. ಓನರ್‌ಗೂ ಇದು ಗೊತ್ತು. ಆದರೆ 60,000 ರೂಪಾಯಿಯನ್ನು ನಾಲ್ಕು ವರ್ಷ ಮುಟ್ಟದೆ ಬೇರೆ ಖಾತೆಯಲ್ಲಿ ಇಡುವವರು ಎಷ್ಟು ಜನ ಸಿಗುತ್ತಾರೆ? ಮಹಡಿ ಮೇಲೆ ಇನ್ನೊಂದು ಮನೆ ಎಬ್ಬಿಸುವುದಕ್ಕೆ, ಮಗಳ ಮದುವೆಗೆ, ಆಸ್ಪತ್ರೆ ಖರ್ಚಿಗೆ, ತೋಟದ ಕೆಲಸಕ್ಕೆ ಅದು ಕರಗಿಹೋಗುತ್ತದೆ. ನಮ್ಮೂರಲ್ಲಿ ಬಾಡಿಗೆಗೆ ಕೊಡುವವರೆಲ್ಲ ದೊಡ್ಡ ಸಾಹುಕಾರರೇನಲ್ಲ. ರಿಟೈರ್ ಆದ ಮೇಷ್ಟ್ರು, ಗಂಡ ತೀರಿಕೊಂಡ ಮೇಲೆ ಕೆಳಗಿನ ಮನೆ ಬಾಡಿಗೆಗೆ ಕೊಟ್ಟು ಮೇಲೆ ಇರುವ ಅಮ್ಮ, ಸಾಲ ಮಾಡಿ ಮನೆ ಕಟ್ಟಿ ಅದರ ಕಂತನ್ನು ಬಾಡಿಗೆಯಲ್ಲೇ ಕಟ್ಟುತ್ತಿರುವವರು, ಇಂಥವರೇ ಜಾಸ್ತಿ.

ಹಾಗಾಗಿ ಹಳೇ ಬಾಡಿಗೆದಾರರ ಅಡ್ವಾನ್ಸ್ ತೀರುವುದು ಹೊಸಬರ ಅಡ್ವಾನ್ಸ್‌ನಿಂದ. ಅವರದ್ದು ತೀರುವುದು ಅವರ ನಂತರ ಬರುವವರಿಂದ. ನಾವು ಖಾಲಿ ಮಾಡುವ ದಿನ ನಮ್ಮ ದುಡ್ಡು ಓನರ್ ಮನೆಯಲ್ಲಿ ಇರುವುದೇ ಇಲ್ಲ. ಇನ್ನೂ ಮುಖ ನೋಡದ ಯಾರದೋ ಜೇಬಿನಲ್ಲಿ ಇರುತ್ತದೆ. ಹೊಸಬರು ಬೇಗ ಬಂದರೆ ಯಾರಿಗೂ ತೊಂದರೆ ಗೊತ್ತಾಗುವುದಿಲ್ಲ, ‘ನಮ್ಮ ಓನರ್ ತುಂಬಾ ಒಳ್ಳೆಯವರು, ಅದೇ ದಿನ ಕೊಟ್ಟರು’ ಅನ್ನುತ್ತೇವೆ. ಬರದಿದ್ದರೆ ಅದೇ ಓನರ್ ಫೋನ್ ಎತ್ತುವುದಿಲ್ಲ.

ಈಗ ಇದಕ್ಕೆ ನಮ್ಮ ಊರಿನ ಕ್ಯಾಲೆಂಡರ್ ಸೇರಿಸಿ ನೋಡಿ. ಸರ್ಕಾರಿ ನೌಕರರ ವರ್ಗಾವಣೆ ಸಾಮಾನ್ಯವಾಗಿ ಮೇ, ಜೂನ್ ಹೊತ್ತಿಗೆ. ಶಾಲೆ ಶುರುವಾಗುವುದೂ ಆಗಲೇ, ಹಾಗಾಗಿ ಮಕ್ಕಳಿರುವವರು ಮನೆ ಬದಲಿಸುವುದೂ ಆಗಲೇ. ಅದರ ಬೆನ್ನಿಗೇ ಆಷಾಢ. ಆಷಾಢದಲ್ಲಿ ಬಾಡಿಗೆ ಮನೆಯಲ್ಲೂ ಹಾಲು ಉಕ್ಕಿಸುವವರು ಕಡಿಮೆ. ಜೊತೆಗೆ ಮಳೆ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯಂತೂ ಆ ಮಳೆಯಲ್ಲಿ ಸಾಮಾನು ಸಾಗಿಸುವುದೇ ಕಷ್ಟ. ಜೂನ್‌ನಲ್ಲಿ ಖಾಲಿಯಾದ ಮನೆ ಶ್ರಾವಣದವರೆಗೂ ಖಾಲಿ ಉಳಿದರೆ ಆಶ್ಚರ್ಯ ಇಲ್ಲ. ಆಷಾಢ ಕಳೆಯಲಿ ಅನ್ನುವುದು ನೆಪದ ಹಾಗೆ ಕೇಳಿಸುತ್ತದೆ, ಆದರೆ ಅದರೊಳಗೆ ನಿಜವಾದ ಲೆಕ್ಕ ಇದೆ. ಓನರ್‌ಗೆ ತೋಟ ಇದ್ದರೆ ಇನ್ನೊಂದು ಮಾತೂ ಬರುತ್ತದೆ, ‘ಅಡಿಕೆ ವ್ಯಾಪಾರ ಆಗ್ಲಿ’. ಕೊಯ್ಲು, ಬೇಯಿಸಿ ಒಣಗಿಸುವುದು, ಮಂಡಿಗೆ ಹಾಕುವುದು ಎಲ್ಲ ಮುಗಿಯುವಾಗ ಸಂಕ್ರಾಂತಿಯೂ ದಾಟಬಹುದು. ಆ ವರ್ಷ ಕೊಳೆರೋಗ ಬಂದರೆ ಮಾತು ಇನ್ನೂ ಮುಂದಕ್ಕೆ.

ಲೆಕ್ಕ ಇದೆ ಅಂದ ಮಾತ್ರಕ್ಕೆ ಅದು ಸರಿ ಅಲ್ಲ. ಮನೆ ಖಾಲಿ ಬಿದ್ದರೆ ಆಗುವ ನಷ್ಟ ಓನರ್ ವ್ಯವಹಾರದ ನಷ್ಟ. ಖಾಲಿ ಮಾಡಿ ಹೋದವರ ದುಡ್ಡಿನಿಂದ ಅದನ್ನು ತುಂಬಿಕೊಳ್ಳಬಾರದು. ಅವರೂ ಹೊಸ ಮನೆಗೆ ಅಡ್ವಾನ್ಸ್ ಕಟ್ಟಬೇಕಲ್ವಾ? ನಾವು ಆ ಜೂನ್‌ನಲ್ಲಿ ಅಡ್ವಾನ್ಸ್ ಹೊಂದಿಸಿದ್ದು ಅಮ್ಮನ ಬಳೆ ಬ್ಯಾಂಕಿನಲ್ಲಿ ಅಡ ಇಟ್ಟು. ಬಡ್ಡಿ ಕಟ್ಟಿದವರು ನಾವು, ನಮ್ಮದೇ ದುಡ್ಡು ಇನ್ನೊಬ್ಬರ ಹತ್ತಿರ ಇರುವಾಗ.

ಗೋಡೆಯ ಲೆಕ್ಕ

ದುಡ್ಡು ಕೈಯಲ್ಲಿ ಇಲ್ಲದಾಗ ಕಡಿತದ ಪಟ್ಟಿ ಉದ್ದ ಆಗುತ್ತದೆ. ಎಲ್ಲ ಓನರ್‌ಗಳೂ ಹೀಗೆ ಅಂತ ಹೇಳುತ್ತಿಲ್ಲ. ಆದರೆ ಕೊಡಬೇಕಾದ ಮೊತ್ತ ಇಳಿದಷ್ಟೂ ಅವರಿಗೆ ಹಗುರ, ಮತ್ತು ಆ ಹೊತ್ತಲ್ಲಿ ಕಣ್ಣಿಗೆ ಬೀಳುವುದು ಗೋಡೆಯೇ. ಮಲೆನಾಡಿನಲ್ಲಿ ಗೋಡೆ ಅಂದ ಮೇಲೆ ಬೂಷ್ಟು ಇದ್ದೇ ಇರುತ್ತದೆ. ಅದಕ್ಕೆ ಯಾರು ಕಾರಣ ಅನ್ನುವುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಇಲ್ಲಿ ಇಬ್ಬರ ಪಾಲೂ ಇರುತ್ತದೆ.

ಗೋಡೆ ಮೂರು ರೀತಿಯಲ್ಲಿ ಒದ್ದೆಯಾಗುತ್ತದೆ. ಒಂದು, ಹೊರಗಿನಿಂದ. ಮುಂಗಾರು ಬೀಸುವುದು ನೈಋತ್ಯದಿಂದ, ಹಾಗಾಗಿ ತೆಂಕಣ ಮತ್ತು ಪಡುವಣ ಗೋಡೆಗೆ ಇರಚಲು ನೇರ ಹೊಡೆಯುತ್ತದೆ. ಹೊರ ಪ್ಲಾಸ್ಟರ್‌ನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಸಾಕು, ನೀರು ಒಳಗೆ ಹೋಗಿ ಒಳಗಿನ ಬಣ್ಣವನ್ನು ಗುಳ್ಳೆ ಎಬ್ಬಿಸುತ್ತದೆ. ಆರ್‌ಸಿಸಿ ಮನೆಯಾದರೆ ತಾರಸಿಯಲ್ಲಿ ನೀರು ನಿಂತು ಸೀಲಿಂಗ್ ಮೂಲೆಯಲ್ಲಿ ಕಂದು ಕಲೆ ಬರುತ್ತದೆ. ನಮ್ಮ ಕಡೆ ತಾರಸಿ ಮೇಲೆ ಮತ್ತೆ ತಗಡಿನ ಶೀಟ್ ಹಾಕಿಸುವುದು ಇದಕ್ಕೇ. ಎರಡನೆಯದು ಕೆಳಗಿನಿಂದ. ಇಟ್ಟಿಗೆಯಾಗಲಿ ಜಂಬಿಟ್ಟಿಗೆಯಾಗಲಿ ಸಣ್ಣ ಸಣ್ಣ ರಂಧ್ರಗಳ ವಸ್ತು. ಪಾಯದ ಮೇಲೆ ನೀರು ತಡೆಯುವ ಪದರ ಹಾಕದಿದ್ದರೆ ನೆಲದ ತೇವವನ್ನು ಗೋಡೆ ಹೀರಿಕೊಳ್ಳುತ್ತದೆ, ಮೊಣಕಾಲು ಸೊಂಟದ ಎತ್ತರದವರೆಗೆ ಬಣ್ಣ ಪುಡಿಪುಡಿಯಾಗಿ ಉದುರಿ ಬಿಳಿ ಉಪ್ಪು ಹೊರಗೆ ಬರುತ್ತದೆ. ಇವೆರಡೂ ಕಟ್ಟಡದ ದೋಷ. ಒಳಗೆ ಎಷ್ಟು ಸಲ ಬಣ್ಣ ಹೊಡೆದರೂ ಮುಂದಿನ ಮಳೆಗೆ ಮತ್ತೆ ಅದೇ ಗತಿ.

ಮೂರನೆಯದು ಒಳಗಿನ ಗಾಳಿಯಿಂದ. ಮೂರು ತಿಂಗಳು ಬಿಸಿಲಿಲ್ಲ, ಬಟ್ಟೆ ಒಣಗುವುದು ಹಾಲ್‌ನಲ್ಲೇ ಹಗ್ಗ ಕಟ್ಟಿ, ಅಡುಗೆ ಆವಿ, ಸ್ನಾನದ ಆವಿ, ಕಿಟಕಿ ಪೂರ್ತಿ ಮುಚ್ಚಿದ್ದು. ಆ ತೇವ ತಣ್ಣಗಿರುವ ಗೋಡೆಗೆ ಅಂಟುತ್ತದೆ. ಬೀರು, ಮಂಚ ಗೋಡೆಗೆ ಒತ್ತಿ ಇಟ್ಟಿದ್ದರೆ ಹಿಂದೆ ಗಾಳಿ ಆಡದೆ ಕಪ್ಪು ಚುಕ್ಕೆ ಚುಕ್ಕೆಯಾಗಿ ಬೂಷ್ಟು ಹಿಡಿಯುತ್ತದೆ. ಇದರಲ್ಲಿ ಬಾಡಿಗೆದಾರರ ಪಾಲಿದೆ. ಬೀರು ನಾಲ್ಕು ಬೆರಳು ಮುಂದಕ್ಕೆ ಇಟ್ಟಿದ್ದರೆ, ಮಳೆ ಬಿಟ್ಟಾಗ ಕಿಟಕಿ ತೆಗೆದಿದ್ದರೆ ಕಡಿಮೆ ಆಗುತ್ತಿತ್ತು.

ನಮ್ಮ ಮನೆಯ ಆ ಗೋಡೆಯನ್ನು ಪರಿಚಯದ ಗಾರೆ ಕೆಲಸದವರೊಬ್ಬರಿಗೆ ತೋರಿಸಿದೆ. ಅವರು ಒಳಗೆ ನೋಡಲೇ ಇಲ್ಲ. ನೇರ ಹಿತ್ತಲ ಕಡೆ ಹೋಗಿ, ಅದೇ ಗೋಡೆಯ ಹೊರಮೈ ಮೇಲೆ ಕಿಟಕಿ ಸಜ್ಜದಿಂದ ಕೆಳಗಿಳಿದಿದ್ದ ಬಿರುಕಿಗೆ ಬೈಕ್ ಕೀಲಿಕೈ ತೂರಿಸಿದರು. ಅರ್ಧ ಕೀಲಿ ಒಳಗೆ ಹೋಯಿತು. ‘ಇದನ್ನ ಮುಚ್ಚದೆ ಒಳಗೆ ಹದಿನೈದು ಸಾವಿರದ ಪೇಂಟ್ ಹೊಡೆದ್ರೆ ದುಡ್ಡು ಹೊಳೆಗೆ ಹಾಕಿದ ಹಾಗೆ’ ಅಂದರು. ಹಾಲ್‌ನಲ್ಲಿ ಮಗಳು ಕ್ರೇಯಾನ್‌ನಲ್ಲಿ ಗೀಚಿದ್ದು, ನಾವು ಮೊಳೆ ಹೊಡೆದು ಎಬ್ಬಿಸಿದ ಪ್ಲಾಸ್ಟರ್, ಅದು ಮಾತ್ರ ನಮ್ಮದೇ ಅಂತಲೂ ಅವರೇ ಹೇಳಿದರು. ಅದನ್ನು ಸರಿಮಾಡಲು 6,000 ಆಗಬಹುದು ಅಂದರು. ನಾನು ಒಪ್ಪಿಕೊಂಡೆ. ಮಾಡಿದ್ದು ನಾವೇ.

ಕಾನೂನು ಏನು ಹೇಳುತ್ತದೆ

ಮೊದಲು ಬಾಡಿಗೆ ಕಾಯ್ದೆ. ಕರ್ನಾಟಕ ಬಾಡಿಗೆ ಕಾಯ್ದೆ 1999ರದ್ದು, ಜಾರಿಗೆ ಬಂದದ್ದು 2001ರ ಕೊನೆಗೆ. ಆದರೆ ತಿಂಗಳ ಬಾಡಿಗೆ ಊರಿಗೆ ತಕ್ಕಂತೆ 3,500 ಅಥವಾ 2,000 ರೂಪಾಯಿ ದಾಟಿದರೆ ಆ ಕಾಯ್ದೆ ಅನ್ವಯಿಸುವುದಿಲ್ಲ. ಈಗ ಆ ಬಾಡಿಗೆಗೆ ಶಿವಮೊಗ್ಗದಲ್ಲಿ ಸಂಸಾರ ಹೂಡುವಂಥ ಮನೆ ಎಲ್ಲಿ ಸಿಗುತ್ತದೆ? ಅಂದರೆ ಹೆಚ್ಚಿನವರ ಪಾಲಿಗೆ ಅದು ಇದ್ದೂ ಇಲ್ಲದ ಹಾಗೆ. ನಮ್ಮ ವ್ಯವಹಾರ ನಡೆಯುವುದು ಇನ್ನೂ ಹಳೆಯ ಎರಡು ಕಾನೂನಿನ ಮೇಲೆ, 1872ರ ಕರಾರು ಕಾಯ್ದೆ ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ.

ಹಳೆಯದಾದರೂ ಅದರಲ್ಲಿ ನಮಗೆ ಬೇಕಾದ ಮಾತಿದೆ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಪ್ರಕಾರ, ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ವಾಪಸ್ ಕೊಡಬೇಕು, ಆದರೆ ಸಹಜ ಸವಕಳಿಯಿಂದ ಮತ್ತು ತಡೆಯಲಾಗದ ಶಕ್ತಿಯಿಂದ ಆದ ಬದಲಾವಣೆಗೆ ಅವರು ಹೊಣೆ ಅಲ್ಲ. ನಾಲ್ಕು ವರ್ಷದಲ್ಲಿ ಬಣ್ಣ ಮಾಸುವುದು ಸವಕಳಿ. ಗಾಳಿ ಮಳೆಗೆ ಹಂಚು ಹಾರಿಹೋದರೆ ಅದು ತಡೆಯಲಾಗದ್ದು. ಹೊರ ಗೋಡೆ ಬಿರುಕಿನಿಂದ ಇಳಿದ ನೀರು ಬಾಡಿಗೆದಾರರು ಮಾಡಿದ್ದಲ್ಲ. ಅದೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತೂ ಇದೆ: ಮಾಲೀಕರು ಮಾಡಿಸಲೇಬೇಕಾದ ರಿಪೇರಿಯನ್ನು ತಿಳಿಸಿದ ಮೇಲೂ ಮಾಡಿಸದಿದ್ದರೆ, ಬಾಡಿಗೆದಾರರೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಮುರಿದುಕೊಳ್ಳಬಹುದು. ಅದಕ್ಕೇ ಸೋರಿಕೆ ಕಂಡ ದಿನವೇ ಒಂದು ವಾಟ್ಸಾಪ್ ಮೆಸೇಜು ಫೋಟೋ ಸಮೇತ ಕಳಿಸಿಡಿ. ಮುಂದೆ ಅದೇ ನಿಮ್ಮ ಸಾಕ್ಷಿ.

ಆದರೆ 108ನೇ ಸೆಕ್ಷನ್ ಶುರುವಾಗುವುದೇ ಒಂದು ಷರತ್ತಿನಿಂದ. ಕರಾರಿನಲ್ಲಿ ಅಥವಾ ಆ ಊರಿನ ರೂಢಿಯಲ್ಲಿ ಬೇರೆ ಥರ ಇಲ್ಲದಿದ್ದರೆ ಮಾತ್ರ ಇದು ಅನ್ವಯಿಸುತ್ತದೆ. ‘ಖಾಲಿ ಮಾಡುವಾಗ ಪೇಂಟಿಂಗ್‌ಗೆ ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು’ ಅಂತ ಬರೆದ ಕಡೆ ನೀವು ಸಹಿ ಹಾಕಿದ್ದರೆ ಆಮೇಲೆ ಜಗಳ ಆಡುವುದು ಕಷ್ಟ. ಕೋರ್ಟ್ ಹತ್ತಿರದ ಡಿಟಿಪಿ ಅಂಗಡಿಯಲ್ಲಿ ಹೆಸರು, ಮೊತ್ತ, ತಾರೀಖು ಮಾತ್ರ ಬದಲಿಸಿ ಪ್ರಿಂಟ್ ತೆಗೆದುಕೊಡುತ್ತಾರಲ್ಲ, ಆ ಕರಾರನ್ನು ನಾವು ಯಾರೂ ಓದುವುದಿಲ್ಲ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅಂತ ನೋಡಿ ಸಹಿ ಹಾಕುತ್ತೇವೆ. ನಿಜವಾಗಿ ಓದಬೇಕಾದದ್ದು ಕೊನೆಯ ಪುಟ.

ಕರಾರು ಹನ್ನೊಂದು ತಿಂಗಳಿಗೇ ಯಾಕೆ ಅಂತ ಕೇಳುವವರಿದ್ದಾರೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು 1908ರ ನೋಂದಣಿ ಕಾಯ್ದೆ ಪ್ರಕಾರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಮಾಡಿಸಬೇಕು. ಆ ಖರ್ಚು, ಓಡಾಟ ಬೇಡ ಅಂತ ಹನ್ನೊಂದು. ತೊಂದರೆ ಏನೆಂದರೆ ಹನ್ನೊಂದು ತಿಂಗಳು ಮುಗಿದ ಮೇಲೆ ಯಾರೂ ಹೊಸ ಕರಾರು ಮಾಡುವುದಿಲ್ಲ. ನಾವೂ ಮಾಡಿರಲಿಲ್ಲ. ನಡುವೆ ಅಡ್ವಾನ್ಸ್ 50,000ದಿಂದ 60,000ಕ್ಕೆ ಏರಿತ್ತು, ಆ ಹತ್ತು ಸಾವಿರಕ್ಕೆ ಇದ್ದ ದಾಖಲೆ ಫೋನ್‌ಪೇಯ ಒಂದು ಸಾಲು ಮಾತ್ರ. ನಗದು ಕೊಟ್ಟಿದ್ದರೆ ಅದೂ ಇರುತ್ತಿರಲಿಲ್ಲ.

ಸ್ಟಾಂಪ್ ಕಾಗದದ ಬಗ್ಗೆಯೂ ಹುಷಾರಾಗಿರಿ. ಕಟ್ಟಬೇಕಾದ್ದಕ್ಕಿಂತ ಕಡಿಮೆ ಮೊತ್ತದ ಕಾಗದದಲ್ಲಿ ಬರೆದ ಕರಾರನ್ನು ಕೋರ್ಟ್‌ಗೆ ತಂದರೆ, ಬಾಕಿ ಶುಲ್ಕ ಮತ್ತು ಅದರ ಹತ್ತು ಪಟ್ಟಿನವರೆಗೆ ದಂಡ ಕಟ್ಟಿದ ಮೇಲೆಯೇ ಅದನ್ನು ಸಾಕ್ಷಿಯಾಗಿ ನೋಡುತ್ತಾರೆ.

ಒಳಗೆ ಬರುವ ದಿನ

ಅಡ್ವಾನ್ಸ್ ವಾಪಸ್ ಬರುತ್ತದೋ ಇಲ್ಲವೋ ಅನ್ನುವುದು ಅರ್ಧ ತೀರ್ಮಾನ ಆಗುವುದು ಮನೆಗೆ ಬರುವ ದಿನ. ಹಾಲು ಉಕ್ಕಿಸುವ ಮೊದಲು, ಸಾಮಾನು ಇಳಿಸುವ ಮೊದಲು, ಖಾಲಿ ಮನೆಯಲ್ಲಿ ಮೊಬೈಲ್ ಹಿಡಿದು ಒಂದು ಸುತ್ತು ಬನ್ನಿ. ಸೀಲಿಂಗ್ ಮೂಲೆಗಳು, ಕಿಟಕಿ ಕೆಳಗಿನ ಗೋಡೆ, ಬಚ್ಚಲಿನ ಟೈಲ್ಸ್, ಸಿಂಕ್ ಕೆಳಗೆ, ಬಾಗಿಲ ಚೌಕಟ್ಟಿನ ಬುಡದಲ್ಲಿ ಗೆದ್ದಲು ಇದೆಯಾ, ಹಳೇ ಮನೆಯಾದರೆ ಹಂಡೆ ಒಲೆಯ ಹೊಗೆಗೆ ಗೋಡೆ ಎಷ್ಟು ಕಪ್ಪಾಗಿದೆ. ಎಲ್ಲ ವಿಡಿಯೋ ಮಾಡಿ ಅದೇ ದಿನ ಓನರ್‌ಗೂ ಕಳಿಸಿ. ಕಳಿಸುವುದು ಮುಖ್ಯ. ನಿಮ್ಮ ಫೋನಲ್ಲೇ ಉಳಿದರೆ ಅದು ಯಾವತ್ತಿನದು ಅನ್ನುವ ಮಾತು ಬರುತ್ತದೆ, ಕಳಿಸಿದರೆ ತಾರೀಖು ಇಬ್ಬರ ಹತ್ತಿರವೂ ಇರುತ್ತದೆ. 2024ರ ಜುಲೈಯಿಂದ ಜಾರಿಯಲ್ಲಿರುವ ಹೊಸ ಸಾಕ್ಷ್ಯ ಕಾನೂನಿನಲ್ಲೂ ಇಂಥ ದಾಖಲೆಯನ್ನು ಒಂದು ಪ್ರಮಾಣಪತ್ರದ ಜೊತೆ ಕೋರ್ಟ್ ಮುಂದೆ ಇಡಬಹುದು.

ಕರಾರಿನಲ್ಲಿ ಒಂದು ಸಾಲು ಸೇರಿಸಿ ಅಂತ ಕೇಳಿ: ‘ಕೀಲಿಕೈ ಒಪ್ಪಿಸಿದ ದಿನವೇ, ಅಥವಾ ಇಂತಿಷ್ಟು ದಿನದೊಳಗೆ, ಬಾಕಿ ಕಳೆದು ಅಡ್ವಾನ್ಸ್ ಹಿಂತಿರುಗಿಸತಕ್ಕದ್ದು. ಹೊಸ ಬಾಡಿಗೆದಾರರು ಬರುವುದಕ್ಕೂ ಇದಕ್ಕೂ ಸಂಬಂಧವಿಲ್ಲ.’ ಎರಡನೇ ವಾಕ್ಯ ಕೇಳಿದಾಗ ಕೆಲವು ಓನರ್‌ಗಳ ಮುಖ ಸ್ವಲ್ಪ ಬಾಡುತ್ತದೆ. ಹೊರಡುವ ದಿನ ಬಾಡುವುದಕ್ಕಿಂತ ಆವತ್ತೇ ಬಾಡುವುದು ವಾಸಿ.

ಓನರ್ ಕಡೆಯ ಭಯವನ್ನೂ ಇಲ್ಲೇ ಹೇಳಬೇಕು. ಮೂರು ತಿಂಗಳ ಬಾಡಿಗೆ, ಕರೆಂಟ್ ಬಿಲ್ ಬಾಕಿ ಇಟ್ಟು ರಾತ್ರೋರಾತ್ರಿ ಖಾಲಿ ಮಾಡಿ ಹೋದವರನ್ನು ಅವರು ನೋಡಿರುತ್ತಾರೆ. ‘ಕೊನೇ ಎರಡು ತಿಂಗಳು ಅಡ್ವಾನ್ಸ್‌ನಲ್ಲೇ ಮುರ್ಕೊಳ್ಳಿ’ ಅಂತ ನಾವು ನಾವಾಗಿಯೇ ತೀರ್ಮಾನ ಮಾಡಿಬಿಡುತ್ತೇವಲ್ಲ, ಅದು ಅವರಿಗೆ ಹೇಗೆ ಕೇಳಿಸುತ್ತದೆ ಯೋಚಿಸಿ. ದುಡ್ಡು ಬರುವುದೇ ಇಲ್ಲ ಅನ್ನುವ ಅನುಮಾನ ಗಟ್ಟಿಯಾಗಿದ್ದರೆ ಆ ದಾರಿ ಹಿಡಿಯುವವರನ್ನು ನಾನು ಬೈಯುವುದಿಲ್ಲ. ಆದರೆ ಮಾತಾಡಿ, ಒಪ್ಪಿಸಿ, ಬರಹದಲ್ಲಿ ಇಟ್ಟು ಮಾಡಿ. ಇಲ್ಲದಿದ್ದರೆ ಅದು ಬಾಡಿಗೆ ಬಾಕಿ, ಮುಂದೆ ಕೇಸಿಗೆ ಹೋದರೆ ಅದೇ ನಿಮ್ಮ ಕಾಲಿಗೆ ತೊಡರುತ್ತದೆ.

ಹೊರಡುವಾಗ

ಕರಾರಿನಲ್ಲಿ ಎಷ್ಟು ತಿಂಗಳ ಮುಂಚೆ ಹೇಳಬೇಕು ಅಂತ ಇದೆಯೋ ಅಷ್ಟು ಮುಂಚೆ, ಬಾಯಲ್ಲಿ ಹೇಳಿದ್ದರೂ ಸರಿ, ಮೆಸೇಜಲ್ಲೂ ಹೇಳಿ. ಕರಾರೇ ಇಲ್ಲದ ತಿಂಗಳ ಬಾಡಿಗೆಗೆ ಆಸ್ತಿ ವರ್ಗಾವಣೆ ಕಾಯ್ದೆ ಹೇಳುವುದು ಹದಿನೈದು ದಿನದ ನೋಟಿಸು. ನೋಟಿಸು ಕೊಡುವಾಗಲೇ ಕೇಳಿಬಿಡಿ, ‘ಸರ್, ಇಂಥ ದಿನ ಕೀಲಿ ಕೊಡ್ತೀವಿ, ಅಡ್ವಾನ್ಸ್ ಆವತ್ತು ಸಿಗುತ್ತಾ?’ ಅಂತ. ಹೊಸಬರನ್ನು ಹುಡುಕಲು ಓನರ್‌ಗೂ ಸಮಯ ಸಿಗುತ್ತದೆ. ಮನೆ ನೋಡಲು ಬರುವವರಿಗೆ ಮುಖ ಗಂಟುಹಾಕದೆ ಬಾಗಿಲು ತೆಗೆಯಿರಿ, ಅವರ ಜೇಬಿನಲ್ಲೇ ನಿಮ್ಮ ದುಡ್ಡು ಇರುವುದು.

ಮೆಸ್ಕಾಂ ಮೀಟರ್‌ನ ಕೊನೆಯ ರೀಡಿಂಗನ್ನು ಆರ್‌ಆರ್ ನಂಬರ್ ಕಾಣುವ ಹಾಗೆ ಫೋಟೋ ತೆಗೆದಿಡಿ. ಗೃಹಜ್ಯೋತಿಗೆ ನಿಮ್ಮ ಆಧಾರ್ ಜೋಡಿಸಿದ್ದರೆ ಸೇವಾಸಿಂಧುವಿನಲ್ಲಿ ಡಿಲಿಂಕ್ ಮಾಡಿಸಿ. ಅದನ್ನು ಮರೆತರೆ ಮುಂದೆ ಬರುವವರು ಆ ಮನೆಗೆ ಅರ್ಜಿ ಹಾಕಲು ಒದ್ದಾಡುತ್ತಾರೆ, ನಿಮಗೂ ಹೊಸ ಮನೆಯಲ್ಲಿ ತೊಡಕು. ಈ ಒಂದು ಸಣ್ಣ ಕೆಲಸ ಆಗಿಲ್ಲ ಅಂತ ಅಡ್ವಾನ್ಸ್ ತಡೆಹಿಡಿದ ಓನರ್ ಕೂಡ ಇದ್ದಾರೆ, ಮತ್ತು ಆ ವಿಷಯದಲ್ಲಿ ಅವರ ಸಿಟ್ಟು ನ್ಯಾಯವಾದದ್ದೇ.

ಕೀಲಿಕೈ ಕೊಡುವಾಗ ಮತ್ತೆ ಅದೇ ಸುತ್ತು, ಅದೇ ವಿಡಿಯೋ, ಈ ಸಲ ಓನರ್ ಜೊತೆಗೆ. ಕಡಿತ ಏನೇ ಇದ್ದರೂ ಪಟ್ಟಿ ಬರೆಸಿಕೊಳ್ಳಿ, ಬಿಲ್ ಕೇಳಿ. ‘ಪೇಂಟಿಂಗ್ 15,000’ ಅನ್ನುವುದು ಬಿಲ್ ಅಲ್ಲ, ಅಂದಾಜು. ಕರಾರು ಕಾಯ್ದೆಯ 74ನೇ ಸೆಕ್ಷನ್ ಬಗ್ಗೆ 2015ರಲ್ಲಿ ಕೈಲಾಸ್ ನಾಥ್ ಅಸೋಸಿಯೇಟ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನಿವೇಶನವೊಂದರ ಮುಂಗಡದ ವಿಚಾರದಲ್ಲಿ. ಆದರೂ ಅದರ ತಿರುಳು ನಮಗೂ ಬೇಕು: ಕರಾರು ಮುರಿದರು ಅಂತ ದುಡ್ಡು ಹಿಡಿದಿಟ್ಟುಕೊಳ್ಳಬೇಕಾದರೆ ನಷ್ಟ ಆಗಿರಬೇಕು, ನಷ್ಟವೇ ಇಲ್ಲದಿದ್ದರೆ ಪರಿಹಾರದ ಮಾತಿಲ್ಲ.

ಆದರೂ ಕೊಡದಿದ್ದರೆ

ಪೊಲೀಸ್ ಸ್ಟೇಷನ್‌ಗೆ ಹೋದರೆ ಸಾಮಾನ್ಯವಾಗಿ ಇದು ಸಿವಿಲ್ ವ್ಯವಹಾರ ಅಂತ ಕಳಿಸುತ್ತಾರೆ. ಅದು ನಿಜವೂ ಹೌದು. ಮೊದಲು ನೀವೇ ಒಂದು ಪತ್ರ ಬರೆಯಿರಿ. ಎಷ್ಟು ಕೊಟ್ಟಿದ್ದು, ಯಾವಾಗ ಕೀಲಿ ಒಪ್ಪಿಸಿದ್ದು, ಎಷ್ಟು ಕಡಿತ ಒಪ್ಪುತ್ತೀರಿ, ಎಷ್ಟು ಬರಬೇಕು, ಯಾವ ತಾರೀಖಿನೊಳಗೆ, ಕೊಡದಿದ್ದರೆ ಬಡ್ಡಿ ಕೇಳುತ್ತೀರಿ ಅಂತ. ಬಡ್ಡಿ ಮಾತು ಬರೆಯುವುದು ಸುಮ್ನೆ ಹೆದರಿಸಲು ಅಲ್ಲ. 1978ರ ಬಡ್ಡಿ ಕಾಯ್ದೆ ಪ್ರಕಾರ, ಹೀಗೆ ಬರಹದಲ್ಲಿ ಕೇಳಿದ ದಿನದಿಂದ ಬಡ್ಡಿ ಕೊಡಿಸುವ ಅಧಿಕಾರ ಕೋರ್ಟ್‌ಗೆ ಇದೆ. ಅಂಚೆಯಲ್ಲಿ, ತಲುಪಿದ್ದಕ್ಕೆ ದಾಖಲೆ ಸಿಗುವ ಹಾಗೆ ಕಳಿಸಿ. ನನ್ನ ವಿಷಯದಲ್ಲಿ ಕೆಲಸ ಮಾಡಿದ್ದು ಈ ಪತ್ರವೇ. ಜೊತೆಗೆ ಆ ಬಿರುಕಿನೊಳಗೆ ಕೀಲಿ ತೂರಿದ ಫೋಟೋ ಇಟ್ಟಿದ್ದೆ.

ಅದಕ್ಕೂ ಬಗ್ಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲೂಕುಗಳಲ್ಲಿ ಕಾನೂನು ಸೇವಾ ಸಮಿತಿ. ಕೋರ್ಟ್‌ನಲ್ಲಿ ಕೇಸು ಹಾಕುವ ಮೊದಲೇ ಲೋಕ ಅದಾಲತ್ ಮುಂದೆ ಇಂಥ ವ್ಯಾಜ್ಯ ತರಬಹುದು, ಶುಲ್ಕ ಇಲ್ಲ. ಅಲ್ಲಿ ಆದ ರಾಜಿ ಕೋರ್ಟ್ ಡಿಕ್ರಿಗೆ ಸಮ, ಅದರ ಮೇಲೆ ಅಪೀಲು ಇಲ್ಲ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವೂ ಸಿಗುತ್ತದೆ. ತೊಂದರೆ ಒಂದೇ, ಲೋಕ ಅದಾಲತ್‌ಗೆ ಇಬ್ಬರೂ ಒಪ್ಪಬೇಕು. ಒಪ್ಪದಿದ್ದರೆ ಉಳಿಯುವುದು ಸಿವಿಲ್ ದಾವೆ. ದುಡ್ಡು ವಸೂಲಿಗೆ ಮೂರು ವರ್ಷದೊಳಗೆ ಹಾಕಬೇಕು. ನಲವತ್ತು ಸಾವಿರಕ್ಕೆ ವಕೀಲರ ಫೀಸು, ವಾಯಿದೆ ಮೇಲೆ ವಾಯಿದೆ ಅಂತ ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ. ಕೊಡದವರಿಗೂ ಇದು ಚೆನ್ನಾಗಿ ಗೊತ್ತು.

ಊಟ ವಸತಿ ಎರಡೂ ಕೊಡುವ ಪಿಜಿ ಕತೆ ಸ್ವಲ್ಪ ಬೇರೆ. ಅದು ಬರೀ ಬಾಡಿಗೆ ಅಲ್ಲ, ದುಡ್ಡು ತೆಗೆದುಕೊಂಡು ಕೊಡುವ ಸೇವೆ, ಹಾಗಾಗಿ ಗ್ರಾಹಕರ ಆಯೋಗದ ಬಾಗಿಲು ತಟ್ಟಲು ಅವಕಾಶ ಇದೆ. ನವುಲೆ, ಸವಳಂಗ ರಸ್ತೆ ಕಡೆ ಓದಲು ಬಂದು ಇರುವ ಮಕ್ಕಳಿಗೆ ಇದು ಗೊತ್ತಿರಲಿ. ಇನ್ನು ಭೋಗ್ಯ, ಅಂದರೆ ಬಾಡಿಗೆ ಇಲ್ಲದೆ ಲಕ್ಷಗಟ್ಟಲೆ ಒಟ್ಟಿಗೆ ಕೊಡುವ ‘ಲೀಸ್’. ಅದರಲ್ಲಿ ಅಪಾಯ ಹತ್ತು ಪಟ್ಟು. ನೋಂದಣಿ ಮಾಡಿಸದೆ, ಆ ಮನೆ ಮೇಲೆ ಬ್ಯಾಂಕ್ ಸಾಲ ಇದೆಯಾ ಅಂತ ಋಣಭಾರ ಪತ್ರ ತೆಗೆಸಿ ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಎರಡು ತಿಂಗಳ ಮಿತಿ

2021ರ ಜೂನ್‌ನಲ್ಲಿ ಕೇಂದ್ರ ಸಂಪುಟ ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ಕೊಟ್ಟಿತು. ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಠೇವಣಿ ಪಡೆಯುವಂತಿಲ್ಲ, ಓನರ್ ಮನೆಯನ್ನು ಮತ್ತೆ ವಶಕ್ಕೆ ಪಡೆದ ದಿನವೇ ಬಾಕಿ ಕಳೆದು ವಾಪಸ್ ಕೊಡಬೇಕು ಅಂತ ಅದರಲ್ಲಿದೆ. ಆದರೆ ಅದು ಮಾದರಿ ಮಾತ್ರ. ಬಾಡಿಗೆ ವಿಷಯ ರಾಜ್ಯಗಳದ್ದು, ರಾಜ್ಯ ತನ್ನ ಕಾಯ್ದೆ ಮಾಡಬೇಕು. ತಮಿಳುನಾಡು ಅದಕ್ಕೂ ಮೊದಲೇ, 2017ರಲ್ಲಿ, ಮೂರು ತಿಂಗಳ ಲೆಕ್ಕದ ಕಾಯ್ದೆ ಮಾಡಿತ್ತು. ಉತ್ತರ ಪ್ರದೇಶ 2021ರಲ್ಲಿ ಮಾಡಿತು. ನಾವು ಇನ್ನೂ 1999ರಲ್ಲೇ ಇದ್ದೇವೆ.

ಮಿತಿ ಬಂದರೆ ಬಾಡಿಗೆದಾರರಿಗೆ ಮೊದಲಿಗೆ ಹೊರೆ ಕಡಿಮೆ ಅನ್ನುವುದು ಎಲ್ಲರಿಗೂ 
ಕಾಣುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಇನ್ನೊಂದು. ಬಾಡಿಗೆ 9,000 ಇದ್ದರೆ ಎರಡು ತಿಂಗಳ ಅಡ್ವಾನ್ಸ್ 18,000. ಅಷ್ಟನ್ನು ಹೊಸಬರಿಗೆ ಕಾಯದೆ ತಮ್ಮ ಕೈಯಿಂದಲೇ ಕೊಡುವುದು ಎಷ್ಟೋ ಓನರ್‌ಗಳಿಗೆ ಸಾಧ್ಯ. 60,000 ಸಾಧ್ಯ ಇಲ್ಲ. ಮೊತ್ತ ಸಣ್ಣದಾದರೆ ಆ ಕೈಯಿಂದ ಈ ಕೈಗೆ ದಾಟುವ ಸರಪಳಿಯೇ ಕಡಿಯುತ್ತದೆ. ಓನರ್‌ಗಳು ಕೇಳುವ ಪ್ರಶ್ನೆಗೂ, ಅಂದರೆ ಬಾಡಿಗೆ ಕೊಡದೆ ಕೂತವರನ್ನು ಎಬ್ಬಿಸುವುದು ಹೇಗೆ ಅನ್ನುವುದಕ್ಕೂ, ಅದೇ ಮಾದರಿಯಲ್ಲಿ ಉತ್ತರ ಇದೆ. ಪ್ರತ್ಯೇಕ ಬಾಡಿಗೆ ನ್ಯಾಯಾಲಯ, 60 ದಿನದಲ್ಲಿ ಇತ್ಯರ್ಥದ ಗುರಿ, ಅವಧಿ ಮುಗಿದರೂ ಬಿಡದವರಿಗೆ ಮೊದಲ ಎರಡು ತಿಂಗಳು ಎರಡು ಪಟ್ಟು, ಆಮೇಲೆ ನಾಲ್ಕು ಪಟ್ಟು ಬಾಡಿಗೆ. ಬೇಗ ನ್ಯಾಯ ಸಿಗುತ್ತದೆ ಅನ್ನುವ ನಂಬಿಕೆ ಇದ್ದರೆ ದೊಡ್ಡ ಅಡ್ವಾನ್ಸ್ ಕೇಳುವ ಅಗತ್ಯವೇ ಓನರ್‌ಗೆ ಇರುವುದಿಲ್ಲ. ಬರೀ ಮಿತಿ ಹಾಕಿ ನ್ಯಾಯಾಲಯ ಕೊಡದಿದ್ದರೆ ಮಾತ್ರ ಉಳಿದ ದುಡ್ಡು ಮೇಜಿನ ಕೆಳಗಿನಿಂದ ಹೋಗುತ್ತದೆ, ಕಾಗದದಲ್ಲಿ 18,000, ಕೈಯಲ್ಲಿ 60,000. ಆಗ ಈಗಿನದಕ್ಕಿಂತ ಕಷ್ಟ. ಹಾಗಾಗಿ ಎರಡೂ ಒಟ್ಟಿಗೇ ಬರಬೇಕು.

ನಮ್ಮ ಲೆಕ್ಕ ಕೊನೆಗೆ ಹೀಗೆ ಮುಗಿಯಿತು. ಹಾಲ್ ಗೋಡೆಗೆ 6,000, ನಲ್ಲಿಗೆ 650 ಒಪ್ಪಿದೆವು. ಉಳಿದ 53,350ರಲ್ಲಿ 20,000 ಶ್ರಾವಣದಲ್ಲಿ ಬಂತು, 33,350 ದೀಪಾವಳಿಯ ಹಿಂದಿನ ದಿನ. ಅದಕ್ಕೆ ನಾಲ್ಕು ದಿನ ಮೊದಲು ಆ ಮನೆಗೆ ಹೊಸಬರು ಬಂದಿದ್ದರು.

ಈಗ ನಾವಿರುವುದು ಶಿವಮೊಗ್ಗದ್ದೇ ಗೋಪಾಲ ಬಡಾವಣೆಯಲ್ಲಿ. ಇಲ್ಲಿಗೆ ಬಂದ ದಿನ ನಾನು ಫೋನ್ ಹಿಡಿದು ಗೋಡೆ ಗೋಡೆ ವಿಡಿಯೋ ಮಾಡುತ್ತಿದ್ದರೆ ಓನರ್ ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಬೇಜಾರು ಮಾಡಿಕೊಂಡರೇನೋ ಅಂತ, ‘ಆಮೇಲೆ ನಮಗೂ ನಿಮಗೂ ಮಾತು ಬರಬಾರದಲ್ಲ ಅಮ್ಮ, ಅದಕ್ಕೆ’ ಅಂದೆ. ಅವರು ಒಳಗೆ ಬಂದರು. ಅಡುಗೆಮನೆ ಕಿಟಕಿ ಮೇಲಿನ ಮೂಲೆ ತೋರಿಸಿದರು. ‘ಅದೊಂದು ಸರಿಯಾಗಿ ತಗೊಳ್ಳಿ ಹಂಗಾರೆ. ಮೂರು ವರ್ಷದಿಂದ ಅಲ್ಲಿ ಸೋರ್ತದೆ.’